ತಲುಪಿಸದ ಮುತ್ತು

ಹದಿನಾಲ್ಕು. ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತು ಕಾಫಿಬೀಜ ಹುರಿಯುತ್ತಿದ್ದ ಅಸ್ಕಾಲೆ ಬರೀ ಸದ್ದು ಕೇಳಿಯೇ ಅಷ್ಟನ್ನೂ ಎಣಿಸಿದ್ದಳು. ಜಿಮ್ಮಾದಿಂದ ಬಂದಿಳಿದ ತಂಗಿ ತ್ರಿಂಗೊಗೆ ಅವ್ವ ಬಲಗೆನ್ನೆಗೊಂದು, ಎಡಗೆನ್ನೆಗೊಂದು, ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ, ಹಣೆಗೆ, ಕಣ್ಣಿಗೆ ಎಂದು ಮುತ್ತಿಡುತ್ತಲೇ ಇದ್ದಳು. ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ತ್ರಿಂಗೊ ಬಾಗಿ ಅವ್ವನ ಮೊಣಕಾಲಿಗೆ ಮುತ್ತಿಟ್ಟಳು. ಅವ್ವ ಅವಳ ಭುಜ ಹಿಡಿದೆತ್ತಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಹೋದ ಸಲ ಹನ್ನೆರಡಿತ್ತು, ಈ ಸಲ ಎರಡು ಜಾಸ್ತಿ. ಬಾಣಲೆಯಲ್ಲಿ ಬೀಜ ಸೀದು ದಟ್ಟ ಹೊಗೆ ಎದ್ದಾಗಲೇ ಅಸ್ಕಾಲೆಗೆ ತನ್ನ ಕೈಯಲ್ಲಿ ಏನಿದೆ ಎಂಬುದು ನೆನಪಾದದ್ದು.

"ಏನೇ ಅದು, ಸೀದ ವಾಸನೆ?" ಎಂದಳು ಅವ್ವ. ಅಸ್ಕಾಲೆ ಒಲೆ ಹಿಡಿದ ಮೂವತ್ತೊಂದು ವರ್ಷದಲ್ಲಿ ಆ ಮನೆಯಲ್ಲಿ ಕಾಫಿ ಸೀದದ್ದು ಅದೇ ಮೊದಲು. ಆದರೆ ಸೀಯದ ದಿನಗಳನ್ನು ಯಾರು ಎಣಿಸುತ್ತಾರೆ?

ಅವರ ಊರಾದ ಡೆಬ್ರೆ ಬಿರ್ಹಾನಿನವರ ಮುತ್ತಿಗೆ ಒಂದು ಅಳತೆಯಿದೆ. ನಿನ್ನೆ ಕಂಡವರಿಗೆ ಕೈ ಕುಲುಕಿದರೆ ಸಾಕು. ವಾರ ಬಿಟ್ಟು ಕಂಡವರಿಗೆ ಮೂರು. ತಿಂಗಳಾದರೆ ಐದೋ ಆರೋ. ತಿಂಗಳುಗಟ್ಟಲೆ ದೂರವಿದ್ದು ಬಂದವರಿಗೆ ಬಾಯಿ ನೋಯುವವರೆಗೆ. ನ್ಯಾಯವಾದ ಅಳತೆಯೇ, ಇಲ್ಲ ಅನ್ನುವುದಿಲ್ಲ. ಆದರೆ ಊರು ಬಿಟ್ಟು ಕದಲದವರ ಪಾಲಿಗೆ ಈ ಅಳತೆಯಲ್ಲಿ ಎಷ್ಟು ಬಂತು, ನೀವೇ ಹೇಳಿ. ಅಸ್ಕಾಲೆ ಅದನ್ನೂ ಲೆಕ್ಕ ಹಾಕಿದ್ದಳು. ಹೊಸ ವರ್ಷಕ್ಕೆ ಮೂರು, ಈಸ್ಟರಿಗೆ ಮೂರು. ಅಷ್ಟು ಹಬ್ಬದ ದಿನ ಹಾಲು ತಂದವಳಿಗೂ ಸಿಗುತ್ತಿತ್ತು.

ಅವಳಿಗೀಗ ಐವತ್ತೊಂದು. ಹದಿನೇಳಕ್ಕೆ ಮದುವೆಯಾಗಿ ದೆಸ್ಸೀ ಕಡೆಯ ಗಿರಣಿಯವನೊಬ್ಬನ ಮನೆ ಸೇರಿದ್ದಳು. ಮೂರು ವರ್ಷ ಕಳೆಯುವಷ್ಟರಲ್ಲಿ ಅವನು ಇನ್ನೊಬ್ಬಳನ್ನು ಕಟ್ಟಿಕೊಂಡ. ಇವಳು ಒಂದು ತಗಡಿನ ಪೆಟ್ಟಿಗೆ ತಲೆಯ ಮೇಲಿಟ್ಟುಕೊಂಡು ಊರಿಗೆ ವಾಪಸು ಬಂದಳು. ಅವತ್ತು ಅವ್ವ ಬೀದಿಯ ತನಕ ಓಡಿ ಬಂದು, ಪೆಟ್ಟಿಗೆಯನ್ನೂ ಇಳಿಸಗೊಡದೆ, ನಾಲ್ಕು ಜನ ನೋಡುತ್ತಿದ್ದಾರೆ ಅನ್ನುವುದನ್ನೂ ಲೆಕ್ಕಿಸದೆ ಒಂಬತ್ತು ಮುತ್ತಿಟ್ಟಳು. ಗಂಡ ಬಿಟ್ಟ ದುಃಖ ಅಸ್ಕಾಲೆಗೆ ಯಾವತ್ತೋ ಮರೆತುಹೋಗಿತ್ತು, ಆ ಒಂಬತ್ತು ಮಾತ್ರ ಮರೆತಿರಲಿಲ್ಲ. ಆಮೇಲೆ ಅವಳು ಊರು ಬಿಟ್ಟಿರಲಿಲ್ಲ. ಅಪ್ಪ ತೀರಿಕೊಂಡ, ತಂಗಿಗೆ ಮದುವೆಯಾಯಿತು, ಜಿಮ್ಮಾದಲ್ಲಿ ಬಟ್ಟೆಯಂಗಡಿಯಾಯಿತು. ಇವಳು ಅಂಗಳದಲ್ಲಿ ಮೆಣಸಿನಕಾಯಿ ಒಣಗಿಸಿ, ಬೆಳ್ಳುಳ್ಳಿ, ಶುಂಠಿ, ಏಲಕ್ಕಿ ಸೇರಿಸಿ ಕುಟ್ಟಿ, ಬೆರ್ಬೆರೆ ಅನ್ನುವ ಸಾರಿನ ಪುಡಿ ಮಾಡಿ ಮಾರತೊಡಗಿದಳು. ಬೆರ್ಬೆರೆ ಅಂದರೆ ಅಸ್ಕಾಲೆಯದೇ ಆಗಬೇಕು ಎಂದು ಆಚೆ ಬೀದಿಯವರೂ ಹುಡುಕಿಕೊಂಡು ಬರುತ್ತಿದ್ದರು. ಬೆರಳ ತುದಿಗೆ ಹತ್ತಿದ ಕೆಂಪು ಯಾವ ಸೋಪಿಗೂ ಹೋಗುತ್ತಿರಲಿಲ್ಲ.

ಅವ್ವ ಅತ್ಸೆದೆಯ ಕಣ್ಣಿಗೆ ಪೊರೆ ಬಂದು ಆರು ವರ್ಷವಾಗಿತ್ತು. ಬೆಳಕು ಯಾವುದು, ನೆರಳು ಯಾವುದು ಅನ್ನುವಷ್ಟು ಮಾತ್ರ ಕಾಣುತ್ತಿತ್ತು. ಮುಖ ತೊಳೆಸುವುದು, ತಲೆಗೆ ಬೆಣ್ಣೆ ಹಚ್ಚುವುದು, ಇಂಜೆರಾ ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ದಿನಕ್ಕೆ ಮೂರು ಹೊತ್ತು ಕೈತುತ್ತು ಕೊಡುವುದು, ಎಲ್ಲ ಅಸ್ಕಾಲೆಯೇ. ಇಷ್ಟಕ್ಕೂ ಅವ್ವನಿಂದ ಅವಳಿಗೆ ಸಿಗುತ್ತಿದ್ದ ಮಾತು ಏನು? ನೀರು ತಾ. ಶಾಲು ಎಲ್ಲಿಟ್ಟೆ? ಕೋಳಿ ಒಳಗೆ ಬಂತಾ? ಇವು ಮುಗಿದ ಮೇಲೆ, ತ್ರಿಂಗೊ ಯಾವಾಗ ಬರ್ತಾಳಂತೆ?

ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರಿಡುವುದು ಬೇಡ. ತಂಗಿಯ ಅಂಗಡಿಯ ಮೇಲೆ ಅವಳಿಗೆ ಕಣ್ಣಿರಲಿಲ್ಲ, ಗಂಡ ಮಕ್ಕಳ ಮೇಲೂ ಇರಲಿಲ್ಲ. ಆ ಹದಿನಾಲ್ಕರ ಮೇಲಿತ್ತು. ತ್ರಿಂಗೊ ನಾಲ್ಕು ದಿನ ಇದ್ದು ಹೊರಟಾಗ ಅವ್ವ ಇನ್ನೂ ಎಂಟು ಕೊಟ್ಟು ಕಳಿಸಿದಳು. ಬಾಗಿಲ ಬಳಿ ಬಂದು ಅಕ್ಕನಿಗೂ ಕೆನ್ನೆ ಒಡ್ಡಿದ ತ್ರಿಂಗೊಗೆ ಅಸ್ಕಾಲೆ ಗಾಳಿಗೆ ಕೊಟ್ಟಂತೆ ಮೂರು ಕೊಟ್ಟು ಮುಗಿಸಿದಳು.

"ಏನಕ್ಕ, ಅವಸರಾನಾ?" ಎಂದಳು ತ್ರಿಂಗೊ.

"ಒಲೆ ಮೇಲೆ ಇಟ್ಟಿದೀನಿ," ಎಂದಳು ಅಸ್ಕಾಲೆ. ಒಲೆಯ ಮೇಲೆ ಏನೂ ಇರಲಿಲ್ಲ.

ಆ ಮಧ್ಯಾಹ್ನ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತವಳಿಗೆ ಒಂದು ವಿಷಯ ಹೊಳೆಯಿತು. ಎಷ್ಟು ಸುಲಭದ ವಿಷಯ, ಇಷ್ಟು ವರ್ಷ ಯಾಕೆ ತೋಚಲಿಲ್ಲ ಎಂದು ತನ್ನನ್ನೇ ಬೈದುಕೊಂಡಳು. ಮುತ್ತು ಸಿಗುವುದು ಹೋಗಿ ಬಂದವರಿಗೆ. ತಾನು ಹೋದರಲ್ಲವೆ ಬರುವುದು?

ಹೋಗುವುದಕ್ಕೆ ನೆಪ ಬೇಕಿತ್ತು. ಕುರುಡಿ ತಾಯಿಯನ್ನು ಬಿಟ್ಟು ಸುಮ್ಮನೆ ಸುತ್ತಾಡಲು ಹೋದಳು ಅಂದರೆ ಊರವರು ಬಿಟ್ಟಾರೆಯೆ? ಹಾಗಾಗಿ ಅಸ್ಕಾಲೆ ಒಂದು ಸುಳ್ಳು ಹೇಳಿದಳು, ಅದೂ ಸಣ್ಣದಲ್ಲ. ಎರಡು ವರ್ಷದ ಹಿಂದೆ ಅವ್ವನಿಗೆ ಕಣ್ಣುನೋವು ಬಂದಾಗ ತಾನು ಕುಲುಬಿಯ ಚರ್ಚಿನ ದೇವದೂತ ಗಬ್ರಿಯೇಲನಿಗೆ ಹರಕೆ ಹೊತ್ತಿದ್ದೆ, ನೋವು ಹೋಯಿತು, ಹರಕೆ ಹಾಗೇ ಉಳಿದಿದೆ, ಈ ಹಾಮ್ಲೆ ತಿಂಗಳ ಜಾತ್ರೆಗೆ ಹೋಗಿ ಅವನ ಹೊಸ್ತಿಲಿಗೆ ಮುತ್ತಿಟ್ಟು ಬರಬೇಕು ಎಂದಳು. ಮಳೆಗಾಲ, ಮೆಣಸಿನಕಾಯಿ ಒಣಗುವ ಕಾಲವಲ್ಲ, ಕೆಲಸವೂ ಇಲ್ಲ. ಒಂಬತ್ತು ದಿನ ತ್ರಿಂಗೊ ಬಂದು ನೋಡಿಕೊಳ್ಳಲಿ ಎಂದು ತಾನೇ ಫೋನು ಮಾಡಿಸಿದಳು.

ತ್ರಿಂಗೊ ಬಂದಳು. ಅವತ್ತು ಹನ್ನೊಂದು. ಅಸ್ಕಾಲೆ ಹಲ್ಲು ಕಚ್ಚಿಕೊಂಡಳು, ಒಂಬತ್ತು ದಿನ ಕಳೆಯಲಿ ಎಂದುಕೊಂಡಳು.

ಹೊರಡುವ ಬೆಳಗ್ಗೆ ಬಿಳಿ ಹೊದಿಕೆ ಹೊದ್ದು ಅವ್ವನ ಮುಂದೆ ಬಾಗಿದಳು. ಮೂವತ್ತೊಂದು ವರ್ಷದ ಮೇಲೆ ಮೊದಲ ಸಲ ದೂರ ಹೋಗುತ್ತಿದ್ದಾಳೆ, ಹೋಗುವಾಗಲೂ ಒಂದಷ್ಟು ಸಿಗಬೇಕಲ್ಲ. ಅವ್ವ ರೂಢಿಯಂತೆ ಮೂರು ಕೊಟ್ಟಳು. ಆಮೇಲೆ ತಡಕಾಡಿ ಅವಳ ಗಲ್ಲ ಹಿಡಿದು ಹತ್ತಿರ ಎಳೆದು ತುಟಿಯ ಮೇಲೇ ಒಂದು ಮುತ್ತಿಟ್ಟಳು. ಗಟ್ಟಿಯಾಗಿ, ತುಂಬ ಹೊತ್ತು. ಅಸ್ಕಾಲೆಯ ಕಣ್ಣು ತುಂಬಿ ಬಂತು.

"ಇದು ಗಬ್ರಿಯೇಲನಿಗೆ," ಎಂದಳು ಅವ್ವ. "ನನಗೆ ಹೋಗಕ್ಕಾಗಲ್ಲ. ನನ್ನ ಪಾಲಿಂದು ಅವನ ಹೊಸ್ತಿಲಿಗೆ ಕೊಟ್ಬಿಡು. ದಾರೀಲಿ ಯಾರಿಗೂ ಕೊಡಬೇಡ."

ಬಸ್ಸಿನಲ್ಲಿ ಅಸ್ಕಾಲೆಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಜನ್ಮದಲ್ಲಿ ಒಂದು ಸಲ ಅಂಥ ಮುತ್ತು ಬಂತು, ಅದೂ ತನಗಲ್ಲ. ತಾನು ಟಪಾಲಿನ ಚೀಲವಂತೆ, ಹೊತ್ತುಕೊಂಡು ಹೋಗಿ ಮುಟ್ಟಿಸಬೇಕಂತೆ. ಹೊದಿಕೆಯ ಅಂಚು ಬಾಯಿಗೆ ಅಡ್ಡ ಹಿಡಿದುಕೊಂಡು ಕೂತಳು. ಪಕ್ಕದವರು ಹುರಿದ ಜೋಳದ ತೆನೆ ಕೊಟ್ಟರೆ ಬೇಡ ಅಂದಳು. ಅಡಿಸ್ ಅಬಾಬಾದಲ್ಲಿ ಬಸ್ಸು ಬದಲಿಸಿದಳು, ಅಲ್ಲೂ ಬಾಯಿಗೆ ಏನೂ ಹಾಕಲಿಲ್ಲ. ಉಪವಾಸವೇನೋ ಎಂದು ಜನ ತಿಳಿದರು.

ನಜ್ರೆತ್‌ನಲ್ಲಿ ದೊಡ್ಡಪ್ಪನ ಮಗಳು ಫಂತಾಯೆಯ ಮನೆ. ಅಲ್ಲಿ ಒಂದು ರಾತ್ರಿ ಉಳಿದು ಮುಂದಿನ ಬಸ್ಸು ಹಿಡಿಯುವುದೆಂದು ಮಾತಾಗಿತ್ತು. ಫಂತಾಯೆ ಊರಿಗೆ ಬಂದು ಅವಳನ್ನು ನೋಡಿ ಹನ್ನೆರಡು ವರ್ಷವಾಗಿತ್ತು. ಗೇಟಿನಲ್ಲೇ ಹಿಡಿದುಕೊಂಡು ಹತ್ತೊಂಬತ್ತು ಕೊಟ್ಟಳು. ಅಸ್ಕಾಲೆಗೆ ತಲೆ ತಿರುಗಿದಂತಾಯಿತು. ತ್ರಿಂಗೊ ವರ್ಷಕ್ಕೆ ಮೂರು ಸಲ ಇದನ್ನೇ ಅನುಭವಿಸುತ್ತಾಳಲ್ಲ, ಮುಖ ಅಷ್ಟು ನುಣುಪಾಗಿರುವುದರಲ್ಲಿ ಏನು ಆಶ್ಚರ್ಯ ಎಂದುಕೊಂಡಳು.

ಮರುದಿನ ಬೆಳಗ್ಗೆ ಯಾತ್ರೆಯ ಬಸ್ಸುಗಳು ಒಂದರ ಹಿಂದೊಂದು ಹಾಡಿಕೊಂಡು ಹೋಗುತ್ತಿದ್ದವು. ಅಸ್ಕಾಲೆ ಚೀಲ ಹಿಡಿದು ರಸ್ತೆಯ ಬದಿ ನಿಂತಳು. ಒಂದು ಬಸ್ಸು ನಿಂತಿತು, ಹತ್ತಲಿಲ್ಲ. ಇನ್ನೊಂದು ನಿಂತಿತು, ಅದನ್ನೂ ಹತ್ತಲಿಲ್ಲ. ಮೊದಲು ಅವಳಿಗನ್ನಿಸಿದ್ದು ಹೆದರಿಕೆ. ಹೊರದ ಹರಕೆ ತೀರಿಸುತ್ತೇನೆಂದು ಹೋಗಿ ಆ ದೇವದೂತನ ಬಾಗಿಲಲ್ಲಿ ಏನಂತ ನಿಲ್ಲುವುದು? ಅದೂ ಅವ್ವನ ಕಣ್ಣಿನ ಹೆಸರಲ್ಲಿ ಸುಳ್ಳು. ಆದರೆ ಮೂರನೆಯ ಬಸ್ಸೂ ಹೋದ ಮೇಲೆ ಹೆದರಿಕೆಯ ಅಡಿಯಲ್ಲಿ ಕೂತಿದ್ದದ್ದು ಮೇಲೆ ಬಂತು. ತನಗೆ ಕೊಡಲು ಮನಸ್ಸಿಲ್ಲ. ಅಷ್ಟೇ. ಗಬ್ರಿಯೇಲನಿಗೆ ದೇಶದ ಲಕ್ಷಾಂತರ ಬಾಯಿಗಳ ಮುತ್ತು ಬೀಳುತ್ತದೆ, ಅವನ ಹೊಸ್ತಿಲು ಸವೆದುಹೋಗಿದೆಯಂತೆ. ಅವನಿಗೆ ಇದೊಂದು ಬರದಿದ್ದರೆ ಏನು ಕಮ್ಮಿಯಾಗುತ್ತದೆ? ಅವಳು ಚೀಲ ಎತ್ತಿಕೊಂಡು ಫಂತಾಯೆಯ ಮನೆಗೆ ವಾಪಸು ನಡೆದಳು. ಹೊಟ್ಟೆ ಸರಿಯಿಲ್ಲ, ಒಂದು ವಾರ ಇಲ್ಲೇ ಇರುತ್ತೇನೆ ಎಂದಳು.

ಆ ದಿನಗಳ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಎರಡನೆಯ ದಿನ ಫಂತಾಯೆ ಕೈ ಕುಲುಕಿದಳು. ಮೂರನೆಯ ದಿನ ತಲೆ ಆಡಿಸಿದಳು. ಐದನೆಯ ದಿನ ಒಂದು ಬುಟ್ಟಿ ಈರುಳ್ಳಿ ಮುಂದಿಟ್ಟು ಹೆಚ್ಚಿಕೊಡು ಎಂದಳು. ಅಸ್ಕಾಲೆ ಈರುಳ್ಳಿ ಹೆಚ್ಚುತ್ತ, ಅವ್ವನ ತಲೆಗೆ ಬೆಣ್ಣೆ ಹಚ್ಚಿದ್ದಾರೋ ಇಲ್ಲವೋ, ಇಂಜೆರಾ ತುಂಡು ದೊಡ್ಡದಾದರೆ ಅವ್ವನಿಗೆ ಗಂಟಲಿಗೆ ಸಿಕ್ಕುತ್ತದೆ ಅನ್ನುವುದು ತ್ರಿಂಗೊಗೆ ಗೊತ್ತೋ ಇಲ್ಲವೋ ಎಂದು ಯೋಚಿಸಿ ಅತ್ತಳು. ಈರುಳ್ಳಿ ಇದ್ದದ್ದು ಒಳ್ಳೆಯದೇ ಆಯಿತು.

ಒಂಬತ್ತನೆಯ ದಿನ ಸಂಜೆ ಮಳೆ ಬಿಟ್ಟ ಹೊತ್ತಿಗೆ ಊರು ಮುಟ್ಟಿದಳು. ಬೀದಿಯ ತಿರುವಿನಲ್ಲೇ ಎದುರುಮನೆಯ ಶೆವಾಯೆ ಕಂಡಳು. ಮಾಮೂಲಿಗೆ ದೂರದಿಂದಲೇ ಪುಡಿ ಕುಟ್ಟಿ ಆಯ್ತಾ ಎಂದು ಕೂಗುವವಳು ಅವತ್ತು ಚಪ್ಪಲಿ ಬಿಟ್ಟು ಹತ್ತಿರ ಬಂದಳು. ಕಣ್ಣು ಮುಚ್ಚಿಕೊಂಡು ಮುತ್ತಿಟ್ಟಳು. ಇನ್ನಿಬ್ಬರು ಹೆಂಗಸರು ಬಂದರು, ಅವರೂ ಹಾಗೇ. ಕುಲುಬಿಯ ಹೊಸ್ತಿಲು ಮುಟ್ಟಿ ಬಂದವರಿಗೆ ಮುತ್ತಿಟ್ಟರೆ ಅಷ್ಟು ಪುಣ್ಯ ತಮಗೂ ಬರುತ್ತದೆ ಎಂದು ನಂಬಿದವರು. ಚರ್ಚಿನ ಬಾಗಿಲಿಗೆ ಮುತ್ತಿಡುವಾಗ ಕಣ್ಣು ಮುಚ್ಚುವಂತೆಯೇ ಮುಚ್ಚಿದ್ದರು. ಅಸ್ಕಾಲೆಗೆ ಮೊದಲು ಹಿತವೆನಿಸಿತು, ಆಮೇಲೆ ಅರ್ಥವಾಯಿತು. ಯಾರೂ ಅವಳ ಮುಖ ನೋಡಿರಲಿಲ್ಲ.

ಮನೆಯೊಳಗೆ ಅವ್ವ ಮಣ್ಣಿನ ಕಟ್ಟೆಯ ಮೇಲೆ, ಕುರಿಚರ್ಮದ ಮೇಲೆ ಕೂತಿದ್ದಳು. ತಲೆ ಕೆದರಿತ್ತು. ತ್ರಿಂಗೊ ಒಲೆಯ ಮುಂದೆ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಮುಖದ ನುಣುಪು ಎಲ್ಲಿ ಹೋಗಿತ್ತೋ. ಅಕ್ಕನನ್ನು ನೋಡಿದವಳು ಎದ್ದು ಬರಲಿಲ್ಲ.

"ಬಂದೆಯಾ? ಸದ್ಯ," ಎಂದಳು. "ದಿನಾ ಬೆಳಗಾದ್ರೆ ಅವ್ವಂಗೆ ನಿನ್ನ ಹೆಸರೇ. ಅಸ್ಕಾಲೆ ಹೀಗೆ ಕಲಸಲ್ಲ, ಅಸ್ಕಾಲೆ ಕೈ ಹೀಗಿರಲ್ಲ. ಬಂದ ದಿನ ಕೊಟ್ಟಿದ್ದೆಷ್ಟೋ ಅಷ್ಟೇ ನನಗೆ. ಆಮೇಲೆ ಒಂದಾದ್ರೂ ಕೊಟ್ಲಾ ಕೇಳು."

ಅಸ್ಕಾಲೆಗೆ ನಗು ಬರುವಂತಿತ್ತು. ಮೂವತ್ತೊಂದು ವರ್ಷ ತಾನು ಕೂತಿದ್ದ ಜಾಗದಲ್ಲಿ ತಂಗಿ ಒಂಬತ್ತು ದಿನ ಕೂತಿದ್ದಾಳೆ, ಅಷ್ಟಕ್ಕೇ ಮುಖ ಗಂಟಾಗಿದೆ. ಆದರೆ ನಗಲು ಪುರುಸೊತ್ತಿರಲಿಲ್ಲ. ಅವ್ವ ಎರಡೂ ಕೈ ಚಾಚಿದ್ದಳು.

"ಬಂದ್ಯಾ ಮಗಳೇ? ಬಾ. ಹೊಸ್ತಿಲು ಮುಟ್ಟಿದ ಬಾಯಿ, ಹತ್ತಿರ ತಾ."

ಅವ್ವನ ಮುಖ ಬೆಳಗುತ್ತಿತ್ತು. ತ್ರಿಂಗೊ ಬಂದಾಗಲೂ ಅಷ್ಟು ಬೆಳಗಿದ್ದನ್ನು ಅಸ್ಕಾಲೆ ಕಂಡಿರಲಿಲ್ಲ. ಹದಿನಾಲ್ಕಲ್ಲ, ಇಪ್ಪತ್ತಾದರೂ ಸಿಗುತ್ತದೆ ಇವತ್ತು. ಸುಮ್ಮನೆ ಹೋಗಿ ಕೆನ್ನೆ ಒಡ್ಡಿದರೆ ಸಾಕಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇದಕ್ಕೆಂದೇ ಅಲ್ಲವೆ ಅವಳು ಹೋದದ್ದು, ಬಂದದ್ದು, ಸುಳ್ಳು ಹೇಳಿದ್ದು? ಅವಳು ಎರಡು ಹೆಜ್ಜೆ ಮುಂದೆ ಹೋದಳು. ಅವ್ವ ಆಗಲೇ ಕಣ್ಣು ಮುಚ್ಚಿಕೊಂಡಿದ್ದಳು. ಕಾಣದ ಕಣ್ಣನ್ನೂ ಮುಚ್ಚಿಕೊಂಡಿದ್ದಳು.

ಅಸ್ಕಾಲೆ ಅಲ್ಲೇ ನಿಂತಳು. ಅವಳನ್ನು ತಡೆದದ್ದು ಪಾಪಭೀತಿಯೆಂದು ಊರವರು ಆಮೇಲೆ ಹೇಳಿಕೊಂಡರು, ಅವಳೂ ಅಲ್ಲ ಅನ್ನಲಿಲ್ಲ. ನಿಜವಾಗಿ ಅವಳನ್ನು ತಡೆದದ್ದು ಅದೇ ಹಳೆಯ ಉರಿ. ಇಪ್ಪತ್ತಾಗಲಿ, ನೂರಾಗಲಿ, ಅವಷ್ಟೂ ಗಬ್ರಿಯೇಲನವು. ಇಷ್ಟು ದಿನ ತಂಗಿಯ ಮುತ್ತು ನೋಡಿ ಸಂಕಟಪಟ್ಟದ್ದು ಸಾಲದೆ, ಈಗ ಇನ್ನೊಬ್ಬನ ಮುತ್ತನ್ನು ತನ್ನ ಕೆನ್ನೆಯ ಮೇಲೇ ಸಹಿಸಬೇಕೆ?

"ನಾನು ಹೋಗಲಿಲ್ಲವ್ವ," ಎಂದಳು.

"ಎಲ್ಲಿಗೆ?"

"ಕುಲುಬಿಗೆ. ಫಂತಾಯೆ ಮನೇಲಿ ಕೂತಿದ್ದೆ. ಹರಕೇನೂ ಇರಲಿಲ್ಲ. ಸುಳ್ಳು ಹೇಳಿದ್ದೆ."

ಒಲೆಯ ಮುಂದೆ ತ್ರಿಂಗೊ ಸೌಟು ಹಿಡಿದುಕೊಂಡೇ ಇತ್ತ ತಿರುಗಿದಳು. ಅವ್ವ ಚಾಚಿದ ಕೈಯನ್ನು ನಿಧಾನವಾಗಿ ಮಡಿಲಿಗೆ ತಂದುಕೊಂಡಳು. ಆ ಕೈ ಹಿಂದಕ್ಕೆ ಹೋದದ್ದನ್ನು ನೋಡುವುದು ಅಸ್ಕಾಲೆಗೆ ಗಂಡನ ಮನೆ ಬಿಟ್ಟು ಬಂದದ್ದಕ್ಕಿಂತ ಕಷ್ಟವಾಯಿತು.

"ನಾನು ಕೊಟ್ಟು ಕಳಿಸಿದ್ದು?" ಎಂದಳು ಅವ್ವ.

"ತಲುಪಿಸಲಿಲ್ಲ. ನಾನೇ ಇಟ್ಕೊಂಡೆ."

"ದೇವರ ಮುತ್ತನ್ನ?"

"ಹೌದು. ನಂಗೆ ನೀನು ಕೊಡಲ್ವಲ್ಲ. ಅವಳು ಬಂದಾಗ ಹದಿನಾಲ್ಕು ಕೊಡ್ತೀಯ, ಹೋಗುವಾಗ ಎಂಟು. ನಾನು ಎಲ್ಲೂ ಹೋಗಲ್ಲ, ಅದಕ್ಕೆ ನಂಗೆ ಇಲ್ಲ. ಹೋಗಿ ಬಂದ್ರೆ ಕೊಡ್ತೀಯೇನೋ ಅಂತ ಹೋದೆ. ಅದಕ್ಕೇ ಹೋದದ್ದು, ಬೇರೆ ಯಾತಕ್ಕೂ ಅಲ್ಲ."

ಹೇಳಿ ಮುಗಿಸಿದ ಮೇಲೆ ನಾಚಿಕೆಯಾಯಿತು. ಐವತ್ತೊಂದು ವರ್ಷದ ಹೆಂಗಸು, ಊರಿಗೆಲ್ಲ ಖಾರ ಹಂಚುವವಳು, ತಾಯಿಯ ಮುಂದೆ ನಿಂತು ಮುತ್ತು ಕೊಡು ಎಂದು ಹಟ ಹಿಡಿದ ಮಗುವಿನ ಹಾಗೆ ಮೂಗು ಸುರಿಸುತ್ತಿದ್ದಾಳೆ. ತ್ರಿಂಗೊ ನಗಬಹುದಿತ್ತು, ನಗಲಿಲ್ಲ. ಅಕ್ಕ ಎಣಿಸುತ್ತಿದ್ದಳು ಅನ್ನುವುದೇ ಅವಳಿಗೆ ಈಗ ಗೊತ್ತಾದದ್ದು.

ಅವ್ವ ಶಾಲು ಎಳೆದು ಹೆಗಲ ಮೇಲೆ ಸರಿಮಾಡಿಕೊಂಡಳು. ಕಡೆಗೆ ಕೇಳಿದಳು: "ಅಡುಗೆ ಆಗಿದೆಯಾ?"

"ಶಿರೋ ಆಗಿದೆ," ಎಂದಳು ತ್ರಿಂಗೊ.

"ಹಸಿವಾಗ್ತಿದೆ. ಅಸ್ಕಾಲೆ, ಕೈ ತೊಳ್ಕೊಂಡು ಬಾ."

ಇಷ್ಟೇ ಏನು ಅನ್ನಿಸಿತು ಅಸ್ಕಾಲೆಗೆ. ಬೈದಿದ್ದರೂ ಬೇಕಿತ್ತು. ಕೈ ತೊಳೆದಳು, ತಟ್ಟೆ ತಂದಳು, ಅವ್ವನ ಪಕ್ಕ ಕಟ್ಟೆಯ ಮೇಲೆ ಕೂತಳು. ಇಂಜೆರಾ ಸಣ್ಣದಾಗಿ ಮುರಿದು ಕಡಲೆಹಿಟ್ಟಿನ ಬಿಸಿ ಶಿರೋದಲ್ಲಿ ಅದ್ದಿ, ಸುತ್ತಿ, ಅವ್ವನ ಬಾಯಿಗಿಟ್ಟಳು. ಎಷ್ಟು ಸಾವಿರ ಸಲ ಮಾಡಿದ ಕೆಲಸ, ನೋಡದೆಯೂ ಮಾಡಬಲ್ಲಳು. ಅವ್ವ ತುತ್ತು ತೆಗೆದುಕೊಂಡಳು. ತೆಗೆದುಕೊಂಡವಳು ಕೈಯನ್ನು ವಾಪಸು ಬಿಡಲಿಲ್ಲ. ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಧಾನವಾಗಿ ಅಗಿದು ನುಂಗಿದಳು. ಆಮೇಲೆ ಆ ಕೈಯನ್ನು ಮೂಗಿನ ಹತ್ತಿರ ತಂದು ಮೂಸಿದಳು.

"ಖಾರದ ವಾಸನೆ ಹೋಗಿದೆ," ಎಂದಳು. "ಒಂಬತ್ತು ದಿನಕ್ಕೆ ಹೋಗ್ಬಿಡ್ತಾ?"

ಅಷ್ಟು ಹೇಳಿ ಸಾರು ಮೆತ್ತಿದ ಹೆಬ್ಬೆರಳಿಗೆ ತುಟಿಯೊತ್ತಿದಳು. ಆಮೇಲೆ ಪಕ್ಕದ ಬೆರಳಿಗೆ. ಆಮೇಲೆ ಅದರ ಪಕ್ಕದ್ದಕ್ಕೆ. ಅವಸರವಿರಲಿಲ್ಲ, ಕಣ್ಣನ್ನೂ ಮುಚ್ಚಿರಲಿಲ್ಲ. ಪೊರೆ ಬಂದ ಆ ಕಣ್ಣು ಅಸ್ಕಾಲೆಯ ಮುಖದ ಕಡೆಗೇ ಇತ್ತು. ಕಿರುಬೆರಳಿನವರೆಗೆ ಮುಗಿಸಿ, ಶಾಲಿನ ತುದಿಯಿಂದ ತನ್ನ ಬಾಯಿ ಒರೆಸಿಕೊಂಡಳು.

"ಇದು ಗಬ್ರಿಯೇಲನಿಗಲ್ಲ," ಎಂದಳು. "ಇನ್ನೊಂದು ತುತ್ತು ಕೊಡು."

ಅಸ್ಕಾಲೆ ಕೊಟ್ಟಳು. ಅರ್ಧ ಶಿರೋ ಅವ್ವನ ಮಡಿಲಿಗೆ ಬಿತ್ತು, ಅವ್ವ ಅದಕ್ಕೆ ಬೈದಳು. ಬೈಗುಳ ಮುಗಿದ ಮೇಲೆ ನಾಳೆ ಬೆಳಗ್ಗೆ ತಲೆಗೆ ಬೆಣ್ಣೆ ಹಚ್ಚಬೇಕು, ತ್ರಿಂಗೊ ಹಚ್ಚಿದ್ದೆಲ್ಲ ಕಿವಿಯೊಳಗೆ ಹೋಗಿದೆ ಎಂದಳು.

ಪಾತ್ರೆ ತೊಳೆಯುವಾಗ ತ್ರಿಂಗೊ ಅಕ್ಕನ ಮುಖ ನೋಡದೆ, ತಟ್ಟೆ ಉಜ್ಜುತ್ತ ಕೇಳಿದಳು: "ಎಷ್ಟಾಯ್ತು?"

"ಯಾರು ಎಣಿಸ್ತಾರೆ," ಎಂದಳು ಅಸ್ಕಾಲೆ.

ಅದೂ ಸುಳ್ಳೇ. ಐದು.